ಮೈಗೆ ಗಾಳ ಸಿಕ್ಕಿದ ಮೀನನ್ನ ವಾಪಸ್ ಬಿಟ್ರೆ ಬದುಕುತ್ತಾ?

ಪ್ರಶ್ನೆ: ಸರ್, ನಾನು ಹಾಸನದವನು. ರಜೆ ಇದ್ದಾಗ ಶೆಟ್ಟಿಹಳ್ಳಿ ಹಳೇ ಚರ್ಚ್ ಕಡೆ ಹೇಮಾವತಿ ಹಿನ್ನೀರಲ್ಲಿ ಗಾಳ ಹಾಕ್ತೀನಿ. ಮನೆಗೆ ಬೇಕಾದಷ್ಟು ಇಟ್ಕೊಂಡು ಉಳಿದಿದ್ದು ಬಿಡೋದು ರೂಢಿ. ಹೋದ ತಿಂಗಳು ಬೇಸಿಗೆ ಮಧ್ಯಾಹ್ನ ನಾಲ್ಕೈದು ಕೆಜಿದು ಒಂದು ಕಾಟ್ಲಾ ಸಿಕ್ತು, ಆದ್ರೆ ಗಾಳ ಬಾಯಿಗಲ್ಲ, ಹೊಟ್ಟೆ ಕೆಳಗಿನ ರೆಕ್ಕೆ ಬುಡಕ್ಕೆ ಸಿಕ್ಕಿತ್ತು. ಎಳೆಯೋಕೇ ಇಪ್ಪತ್ತು ನಿಮಿಷ ಆಯ್ತು. ಬಂಡೆ ಮೇಲೆ ಹಾಕಿ ಪ್ಲಯರ್‌ನಲ್ಲಿ ಕಿತ್ತು, ಎರಡು ಫೋಟೋ ತೆಗೆಸ್ಕೊಂಡು, ಗಾಯಕ್ಕೆ ಅರಿಶಿನ ಹಚ್ಚಿ ಬಿಟ್ಟೆ. ಸ್ವಲ್ಪ ಹೊತ್ತು ಮಗ್ಗುಲಾಗಿ ತೇಲ್ತಾ ಇದ್ದು ಆಮೇಲೆ ಒಳಗೆ ಹೋಯ್ತು. ಮಾರನೇ ದಿನ ಬೆಳಿಗ್ಗೆ ಅದೇ ದಡದಲ್ಲಿ ಒಂದು ಕಾಟ್ಲಾ ಹೊಟ್ಟೆ ಊದ್ಕೊಂಡು ಸತ್ತು ಬಿದ್ದಿತ್ತು. ನಮ್ಮ ಭಾವ "ಮೈಗೆ ಗಾಳ ಬಿದ್ದಿದ್ದು ಯಾವುದೂ ಉಳಿಯಲ್ಲ, ಸುಮ್ನೆ ಮನೆಗೆ ತಗೊಂಡ್ ಬರೋದು ಬಿಟ್ಟು ಪುಣ್ಯ ಕಟ್ಕೊಳ್ಳೋಕೆ ಹೋಗ್ತಾನೆ" ಅಂತ ನಗ್ತಾರೆ. ನಾನು ಹಾಕೋದು, ತಿಂಡಿ ಉಂಡೆ ಮೆತ್ತೋ ಸ್ಪ್ರಿಂಗ್‌ಗೆ ಸುತ್ತ ಆರು ಗಾಳ ಕಟ್ಟಿರೋ ಸೆಟ್ಟು. ತಿಂಗಳಿಗೆ ಒಂದೆರಡಾದ್ರೂ ಹಿಂಗೆ ಮೈಗೆ ಸಿಗ್ತವೆ, ಒಂದಕ್ಕಂತೂ ಕಣ್ಣಿಗೇ ಸಿಕ್ಕಿತ್ತು. ಭಾವ ಹೇಳೋದು ನಿಜಾನಾ? ಗಾಳ ಕೀಳ್ಬೇಕಾ, ದಾರ ಕತ್ತರಿಸಿ ಬಿಡ್ಬೇಕಾ? ಕತ್ತರಿಸಿ ಬಿಟ್ರೆ ಮುಂದೆ ಆ ಮೀನು ಹಿಡಿದು ತಿನ್ನೋರಿಗೆ ತೊಂದರೆ ಆಗಲ್ವಾ?

ಉತ್ತರ: ನಿಮ್ಮ ಮನಸ್ಸಲ್ಲಿರೋ ಅಸಲಿ ಪ್ರಶ್ನೆ ಏನು ಅಂದ್ರೆ, ನಾನು ಮೀನನ್ನ ಉಳಿಸ್ತಿದ್ದೀನಾ ಅಥವಾ ಕಣ್ಣಿಗೆ ಕಾಣದ ಕಡೆ ಹೋಗಿ ಸಾಯೋಕೆ ಬಿಡ್ತಿದ್ದೀನಾ, ಇದೇ ಅಲ್ವಾ. ಕೇಳಿದ್ದು ಒಳ್ಳೇದಾಯ್ತು, ಯಾಕಂದ್ರೆ ಬಿಡೋರು ಬಹಳ ಜನ ಇದ್ದಾರೆ, ಬಿಟ್ಟ ಮೇಲೆ ಏನಾಯ್ತು ಅಂತ ಯೋಚನೆ ಮಾಡೋರು ಕಮ್ಮಿ.

ಮೊದಲು ಭಾವನ ಮಾತು. ಮೈಗೆ ಗಾಳ ಬಿದ್ದಿದ್ದು ಯಾವುದೂ ಉಳಿಯಲ್ಲ ಅನ್ನೋದು ಸುಳ್ಳು. ಸಾಕಣೆ ಕೊಳಗಳಲ್ಲಿ ಬಲೆ ಎಳೆದಾಗ ಹಳೇ ಗಾಯದ ಕಲೆ ಇರೋ, ಅರ್ಧ ರೆಕ್ಕೆ ಹೋಗಿರೋ, ಒಂದು ಕಣ್ಣೇ ಇಲ್ದಿರೋ ಗೆಂಡೆಗಳು ದಷ್ಟಪುಷ್ಟವಾಗಿ ಬೆಳೆದಿರೋದು ನಾವು ನೋಡ್ತಾನೇ ಇರ್ತೀವಿ. ಮೀನಿನ ಚರ್ಮ, ಪೊರೆ, ರೆಕ್ಕೆ ಎಲ್ಲ ಚೆನ್ನಾಗಿ ಮಾಯುತ್ತೆ, ಉದುರಿದ ಪೊರೆ ಮತ್ತೆ ಬರುತ್ತೆ. ಹಂಗಂತ ಈಜ್ಕೊಂಡು ಹೋಯ್ತಲ್ಲ ಬದುಕ್ತು ಬಿಡು ಅನ್ನೋದೂ ಅಷ್ಟೇ ಸುಳ್ಳು. ಸುಸ್ತಾದ ಮೀನು ಸಾಯೋದು ಬಿಟ್ಟ ತಕ್ಷಣ ಅಲ್ಲ, ಎಷ್ಟೋ ಗಂಟೆ ಆದ್ಮೇಲೆ, ಸೋಂಕು ತಗುಲಿದ್ರೆ ಎಷ್ಟೋ ದಿನ ಆದ್ಮೇಲೆ.

ದಡದಲ್ಲಿ ಸತ್ತು ಬಿದ್ದಿದ್ದ ಕಾಟ್ಲಾ ನಿಮ್ದೇ ಅಂತ ಅಂದ್ಕೋಬೇಡಿ. ಮೀನು ಸತ್ತ ತಕ್ಷಣ ಸಾಮಾನ್ಯವಾಗಿ ಮುಳುಗುತ್ತೆ, ಹೊಟ್ಟೆಯಲ್ಲಿ ಕೊಳೆತು ಗ್ಯಾಸ್ ತುಂಬಿದ ಮೇಲೆ ತೇಲಿ ದಡಕ್ಕೆ ಬರುತ್ತೆ. ನೀವು ಹೊಟ್ಟೆ ಊದಿತ್ತು ಅಂತ ಬರೆದಿದ್ದೀರಿ. ಕಣ್ಣೂ ಬೆಳ್ಳಗಾಗಿತ್ತು ಅಂದ್ರೆ ಅದು ನಿಮ್ಮ ಮೀನಿಗಿಂತ ಮುಂಚೆನೇ ಸತ್ತಿರೋ ಸಾಧ್ಯತೆ ಜಾಸ್ತಿ. ಹಿನ್ನೀರಲ್ಲಿ ರಾತ್ರಿ ಬಲೆ ಬಿಡ್ತಾರೆ, ಬಲೆಯಿಂದ ಜಾರಿ ಸತ್ತ ಮೀನುಗಳೂ ಹಿಂಗೇ ದಡಕ್ಕೆ ಬರ್ತವೆ. ಅಂಥವಕ್ಕೆ ತಲೆ ಹಿಂದೆ ಕುತ್ತಿಗೆ ಸುತ್ತ ದಾರ ಒತ್ತಿದ ಗೆರೆ ಇರುತ್ತೆ. ಮುಂದಿನ ಸಲ ಕಂಡ್ರೆ ಅದನ್ನ ನೋಡಿ. ಹೊಟ್ಟೆ ಕೆಳಗಿನ ರೆಕ್ಕೆ ಬುಡದಲ್ಲಿ ಗಾಯ ಇತ್ತಾ ಇಲ್ವಾ ಅಂತ ನೋಡಿದ್ದಿದ್ರೆ ಅವತ್ತೇ ಗೊತ್ತಾಗ್ತಿತ್ತು.

ಈಗ ನಿಮ್ಮ ಕಾಟ್ಲಾ ವಿಷಯ. ನೀವು ಬರೆದಿರೋದ್ರಲ್ಲಿ ನನಗೆ ಭಯ ಹುಟ್ಟಿಸಿದ್ದು ಗಾಳ ಅಲ್ಲ. ಆ ಇಪ್ಪತ್ತು ನಿಮಿಷ, ಆ ಬಂಡೆ, ಆ ಫೋಟೋ, ಇವು ಮೂರು. ರೆಕ್ಕೆ ಬುಡದ ಗಾಯ ಅಷ್ಟೊಂದು ದೊಡ್ಡ ವಿಷಯ ಅಲ್ಲ.

ಯಾಕೆ ಅಂತ ಹೇಳ್ತೀನಿ. ಬಾಯಿಗೆ ಸಿಕ್ಕಿದ ಮೀನಿನ ತಲೆಯನ್ನ ನೀವು ತಿರುಗಿಸಬಹುದು, ತಲೆ ತಿರುಗಿದ ಕಡೆಗೆ ಮೈ ಬರುತ್ತೆ. ಮೈಗೆ ಸಿಕ್ಕಿದ್ರೆ ತಲೆ ಅದರ ಕೈಲೇ ಇರುತ್ತೆ, ನೀವು ಇಡೀ ಮೈಯನ್ನ ನೀರಿಗೆ ಅಡ್ಡವಾಗಿ ಎಳೀತಿರ್ತೀರಿ, ಅದಕ್ಕೇ ನಾಲ್ಕು ಕೆಜಿ ಮೀನು ಹತ್ತು ಕೆಜಿ ಥರ ಅನ್ನಿಸೋದು ಮತ್ತು ಅಷ್ಟು ಹೊತ್ತು ಹಿಡಿಯೋದು. ಬಾಲದ ಕಡೆ ಸಿಕ್ಕಿದ್ರಂತೂ ಇನ್ನೂ ಕಷ್ಟ, ಹಿಂದಕ್ಕೆ ಎಳೆಸ್ಕೊಳ್ತಾ ಬರೋ ಮೀನಿಗೆ ಕಿವಿರಲ್ಲಿ ನೀರು ಸರಿಯಾಗಿ ಹಾಯೋದೇ ಇಲ್ಲ. ಅಷ್ಟು ಹೊತ್ತು ಜಗ್ಗಾಡಿದಾಗ ಮಾಂಸಖಂಡದಲ್ಲಿರೋ ಶಕ್ತಿ ಖಾಲಿಯಾಗಿ ಲ್ಯಾಕ್ಟಿಕ್ ಆಸಿಡ್ ತುಂಬ್ಕೊಳ್ಳುತ್ತೆ, ರಕ್ತ ಆಮ್ಲೀಯ ಆಗುತ್ತೆ, ಇದು ಸರಿಹೋಗೋಕೆ ಗಂಟೆಗಟ್ಟಲೆ ಬೇಕು. ಸರಿಯಾಗಿ ಅದೇ ಹೊತ್ತಲ್ಲಿ, ಅಂದ್ರೆ ಆಮ್ಲಜನಕ ಅತಿ ಹೆಚ್ಚು ಬೇಕಾಗಿರೋ ಹೊತ್ತಲ್ಲಿ, ನಾವು ಅದನ್ನ ನೀರಿಂದ ಎತ್ತಿ ಗಾಳಿಗೆ ಹಿಡೀತೀವಿ. ಕಿವಿರಿನ ತೆಳು ಎಸಳುಗಳು ನೀರಲ್ಲಿ ಬಿಡಿಬಿಡಿಯಾಗಿ ಹರಡಿರ್ತವೆ, ಹೊರಗೆ ತೆಗೆದ್ರೆ ನೆನೆದ ಪುಸ್ತಕದ ಹಾಳೆ ಥರ ಒಂದಕ್ಕೊಂದು ಅಂಟ್ಕೊಂಡು ಬಿಡ್ತವೆ, ಉಸಿರಾಟ ಬಹುತೇಕ ನಿಂತ ಹಾಗೇ.

ಇದನ್ನ ಕೆನಡಾದಲ್ಲಿ ರೇನ್‌ಬೋ ಟ್ರೌಟ್ ಮೀನಿನ ಮೇಲೆ ಪರೀಕ್ಷೆ ಮಾಡಿ 1992ರಲ್ಲಿ ಪ್ರಕಟಿಸಿದ್ರು. ಮೀನನ್ನ ಪೂರ್ತಿ ಸುಸ್ತು ಮಾಡಿಸಿ ನೀರಲ್ಲೇ ಬಿಟ್ಟಾಗ 12 ಗಂಟೆಯೊಳಗೆ ಸತ್ತಿದ್ದು ಶೇಕಡ 12. ಸುಸ್ತು ಮಾಡಿಸಿ 30 ಸೆಕೆಂಡ್ ಗಾಳಿಗೆ ಹಿಡಿದಾಗ ಶೇಕಡ 38. ಒಂದು ನಿಮಿಷ ಹಿಡಿದಾಗ ಶೇಕಡ 72. ಟ್ರೌಟ್ ತಣ್ಣೀರಿನ ನಾಜೂಕು ಮೀನು, ನಮ್ಮ ಗೆಂಡೆಗಳು ಅದಕ್ಕಿಂತ ಗಟ್ಟಿ, ಅದೇ ಲೆಕ್ಕ ಇಲ್ಲಿಗೆ ಹಾಕೋಕಾಗಲ್ಲ. ಆದ್ರೆ ದಿಕ್ಕು ಅದೇ. ನಮ್ಮ ಕಾವೇರಿಯಲ್ಲೇ ನೀಲಿ ರೆಕ್ಕೆಯ ಮಾಶೀರ್ ಅನ್ನೋ ದೊಡ್ಡ ಹೊಳೆಮೀನಿನ ಮೇಲೆ ಮಾಡಿದ ಅಧ್ಯಯನವೊಂದು 2016ರಲ್ಲಿ ಬಂತು. ಹಿಡಿದು ಬಿಡೋದನ್ನ ಈ ಮೀನು ಸಾಕಷ್ಟು ತಡ್ಕೊಳ್ಳುತ್ತೆ ಅಂತ ಅದರಲ್ಲಿ ಕಂಡ್ರೂ, ಜಗ್ಗಾಟ ಮತ್ತು ಗಾಳಿಗೆ ಹಿಡಿದ ಹೊತ್ತು ಉದ್ದ ಆದಷ್ಟೂ ಮೀನು ಮಂಕಾಗೋದು ಅಲ್ಲೂ ಕಂಡಿದೆ.

ಕಾಟ್ಲಾ ಬಗ್ಗೆ ಒಂದು ಮಾತು. ಮೀನುಮರಿ ಸಾಗಿಸೋರನ್ನ ಕೇಳಿ ನೋಡಿ, ಸಾಮಾನ್ಯ ಗೆಂಡೆ ಏನು ಮಾಡಿದ್ರೂ ತಡ್ಕೊಳ್ಳುತ್ತೆ, ಕಾಟ್ಲಾ ಬೇಗ ಸೋಲುತ್ತೆ ಅಂತಾರೆ. ಅದರ ಮೇಲೆ ನೀವು ಹಿಡಿದಿದ್ದು ಬೇಸಿಗೆ ಮಧ್ಯಾಹ್ನ. 20 ಡಿಗ್ರಿ ನೀರಲ್ಲಿ ಲೀಟರ್‌ಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 30 ಡಿಗ್ರಿಗೆ ಹೋದ್ರೆ ಏಳೂವರೆ ಅಷ್ಟೇ. ನೀರು ಬಿಸಿಯಾದಷ್ಟೂ ಮೀನಿಗೆ ಆಮ್ಲಜನಕ ಬೇಕಾಗೋದು ಜಾಸ್ತಿ, ಸಿಗೋದು ಕಮ್ಮಿ. ಬಿಡೋ ಉದ್ದೇಶ ಇದ್ರೆ ಏಪ್ರಿಲ್ ಮೇನಲ್ಲಿ ನಡುಮಧ್ಯಾಹ್ನ ಗಾಳ ಹಾಕ್ಬೇಡಿ, ಬೆಳಿಗ್ಗೆ ಮುಗಿಸ್ಕೊಂಡು ಬನ್ನಿ.

ಬಂಡೆ ಏನು ಮಾಡ್ತು ಅಂದ್ರೆ, ಮೈಮೇಲಿನ ಲೋಳೆಯನ್ನ ಕಿತ್ತು ಹಾಕ್ತು. ಆ ಲೋಳೆ ಮೀನಿಗೆ ರಕ್ಷಣೆ, ನೀರಲ್ಲಿರೋ ಬ್ಯಾಕ್ಟೀರಿಯಾ ಬೂಷ್ಟು ಒಳಗೆ ಹೋಗ್ದಂಗೆ ತಡೆಯೋದೇ ಅದು. ಬಿಸಿಲಿಗೆ ಕಾದ ಬಂಡೆ, ಒಣ ಕೈ, ಒಣ ಟವೆಲ್, ಗಂಟು ಗಂಟಾಗಿರೋ ನೈಲಾನ್ ಬಲೆ, ಯಾವುದು ತಾಗಿದ್ರೂ ಅಲ್ಲಲ್ಲಿ ಲೋಳೆ ಹೋಗುತ್ತೆ. ಆಮೇಲೆ ಆ ಜಾಗದಲ್ಲಿ ಬಿಳಿ ಹತ್ತಿ ಥರ ಬೂಷ್ಟು ಹಿಡಿಯುತ್ತೆ. ಗಾಳದ ಗಾಯ ಒಂದು ಚುಕ್ಕೆ, ಬಂಡೆ ಉಜ್ಜಿದ್ದು ಇಡೀ ಮಗ್ಗುಲು.

ಹಂಗಾದ್ರೆ ನಿಮ್ಮ ಕಾಟ್ಲಾ ಉಳೀತಾ? ಮಗ್ಗುಲಾಗಿ ತೇಲ್ತಾ ಇದ್ದು ಆಮೇಲೆ ತಾನೇ ಒಳಗೆ ಹೋಗಿದೆ ಅಂದ್ರೆ ಅವಕಾಶ ಇದೆ. ಖಂಡಿತ ಅಂತ ನಾನೂ ಹೇಳಲ್ಲ, ನಿಮ್ಮ ಭಾವನೂ ಹೇಳೋಕಾಗಲ್ಲ.

ಇನ್ನು ಗಾಳ ಎಲ್ಲಿ ಸಿಕ್ಕಿದೆ ಅನ್ನೋದು. ರೆಕ್ಕೆ, ಬಾಲದ ಅಂಚು, ಬೆನ್ನಿನ ದಪ್ಪ ಮಾಂಸ, ಇಲ್ಲಿ ಸಿಕ್ಕಿದ್ರೆ ಧೈರ್ಯವಾಗಿ ತೆಗೆದು ಬಿಡಿ, ಇವು ಮಾಯೋ ಗಾಯಗಳು. ಹೊಟ್ಟೆ ಭಾಗ ಸೂಕ್ಷ್ಮ, ಅಲ್ಲಿ ಗೋಡೆ ತೆಳು, ಒಳಗೆ ಕರುಳು ಮತ್ತು ಗಾಳಿಚೀಲ. ಗಾಳ ಬರೀ ಚರ್ಮ ಹಿಡ್ಕೊಂಡಿದ್ರೆ ತೆಗೀಬಹುದು. ಆದ್ರೆ ತೂತಿಂದ ಹಸಿರು ಹಳದಿ ದ್ರವ ಬರ್ತಿದ್ರೆ ಅಥವಾ ಕರುಳು ಕಾಣ್ತಿದ್ರೆ ಅದು ಬದುಕಲ್ಲ. ಕಿವಿರು ಎಲ್ಲಕ್ಕಿಂತ ಅಪಾಯ. ಹೃದಯದಿಂದ ಹೊರಟ ರಕ್ತ ಎಲ್ಲ ಮೊದಲು ಹೋಗೋದೇ ಅಲ್ಲಿಗೆ, ಒಂದು ಎಸಳು ಹರಿದ್ರೂ ರಕ್ತ ಸುರಿಯುತ್ತೆ. ಅಲ್ಲಿ ಕೈ ಹಾಕ್ಲೇಬೇಡಿ, ಪ್ಲಯರ್ ಅಂತೂ ಬೇಡ. ಗಾಳದ ಹತ್ರ ಎಷ್ಟು ಸಾಧ್ಯನೋ ಅಷ್ಟು ಹತ್ರಕ್ಕೆ ದಾರ ಕತ್ತರಿಸಿ. ಆಗಲೇ ರಕ್ತ ಸುರೀತಾ ಇದ್ರೆ ಮುಂದೆ ಹೇಳ್ತೀನಿ ಏನು ಮಾಡ್ಬೇಕು ಅಂತ.

ಕಣ್ಣು ನೋಡೋಕೆ ಸಂಕಟ ಆಗುತ್ತೆ, ನಿಜ. ಆದ್ರೆ ಕಣ್ಣಿನ ಸುತ್ತಲಿನ ಚರ್ಮಕ್ಕೆ ಸಿಕ್ಕಿರೋದೇ ಬಹಳ ಸಲ, ಗುಡ್ಡೆಗೆ ಅಲ್ಲ. ಗುಡ್ಡೆಗೇ ಸಿಕ್ಕಿದ್ರೂ ಗೆಂಡೆ ಜಾತಿಗೆ ಇನ್ನೊಂದು ಕಣ್ಣು, ರುಚಿ, ವಾಸನೆ ಇರೋದ್ರಿಂದ ಬದುಕ್ಕೊಳ್ಳುತ್ತೆ. ಕೊರವನಂಥ ನೋಡಿ ಬೇಟೆ ಆಡೋ ಮೀನಿಗೆ ಹೆಚ್ಚು ಕಷ್ಟ.

ಕೀಳೋ ವಿಧಾನ ಹೇಳ್ತೀನಿ. ಮೊಣಕಾಲುದ್ದ ನೀರಲ್ಲಿ ನೀವೇ ಇಳೀರಿ, ಮೀನನ್ನ ದಡಕ್ಕೆ ತರ್ಬೇಡಿ. ಕೈ ಒದ್ದೆ ಮಾಡ್ಕೊಂಡು ಮೀನಿನ ಹೊಟ್ಟೆ ಕೆಳಗೆ ಒಂದು ಕೈ, ಬಾಲದ ಬುಡಕ್ಕೆ ಒಂದು ಕೈ, ತಲೆ ಮತ್ತು ಕಿವಿರು ನೀರೊಳಗೇ ಇರಲಿ. ಇಬ್ಬರು ಇದ್ರೆ ಸಲೀಸು, ಒಬ್ಬ ಹಿಡ್ಕೊಂಡ್ರೆ ಇನ್ನೊಬ್ಬ ಗಾಳ ನೋಡ್ತಾನೆ. ಒದ್ದೆ ಬಟ್ಟೆ ಕಣ್ಣ ಮೇಲೆ ಹಾಕಿದ್ರೆ ದೊಡ್ಡ ಮೀನೂ ಸುಮ್ನಾಗುತ್ತೆ. ಗಾಳ ಹೋದ ದಾರಿಯಲ್ಲೇ ಹಿಂದಕ್ಕೆ ತಿರುಗಿಸಿ ತೆಗೀರಿ, ನೇರ ಜಗ್ಗಿದ್ರೆ ಮೊನೆ ಹತ್ರ ಹಿಂದಕ್ಕೆ ಚಾಚಿರೋ ಸಣ್ಣ ಮುಳ್ಳು ಮಾಂಸ ಹರಿದುಕೊಂಡೇ ಬರೋದು. ಮೊನೆ ಇನ್ನೊಂದು ಕಡೆ ಹೊರಗೆ ಬಂದಿದ್ರೆ ಕಟ್ಟರ್‌ನಲ್ಲಿ ಮೊನೆಯನ್ನ ಮುಳ್ಳಿನ ಸಮೇತ ಕತ್ತರಿಸಿ, ಉಳಿದಿದ್ದು ಹಿಂದಕ್ಕೆ ಜಾರಿ ಬರುತ್ತೆ. ಇದಕ್ಕೆಲ್ಲ ಒಂದು ಮಿತಿ ಹಾಕ್ಕೊಳ್ಳಿ, ಎರಡು ಮೂರು ಪ್ರಯತ್ನಕ್ಕೆ ಬರ್ಲಿಲ್ಲ ಅಂದ್ರೆ ದಾರ ಕತ್ತರಿಸಿ ಬಿಡಿ. ಆಳಕ್ಕೆ ಹೋದ ಗಾಳವನ್ನ ಕೀಳೋಕೆ ಒದ್ದಾಡೋದಕ್ಕಿಂತ ದಾರ ಕತ್ತರಿಸಿ ಬಿಟ್ಟ ಮೀನೇ ಹೆಚ್ಚು ಉಳಿಯುತ್ತೆ ಅಂತ ಬೇರೆ ಬೇರೆ ಜಾತಿ ಮೀನುಗಳ ಮೇಲೆ ಮಾಡಿದ ಪರೀಕ್ಷೆಗಳು ತೋರಿಸಿವೆ. ಎರಡೇ ದಿನಕ್ಕೆ ಗಾಳ ತುಕ್ಕು ಹಿಡಿದು ಕರಗಿ ಹೋಗುತ್ತೆ ಅಂತ ಹೇಳ್ತಾರಲ್ಲ ಅದು ಮಾತ್ರ ನಂಬ್ಬೇಡಿ, ಎಷ್ಟೋ ವಾರ ಹಿಡಿಯುತ್ತೆ. ಸ್ಟೇನ್‌ಲೆಸ್ ಗಾಳ ಆದ್ರೆ ಇನ್ನೂ ಜಾಸ್ತಿ, ಅದಕ್ಕೇ ಅದು ಬೇಡ. ಬಹಳ ಮೀನುಗಳು ಅಷ್ಟರಲ್ಲಿ ತಾವೇ ಗಾಳವನ್ನ ಹೊರಹಾಕ್ತವೆ. ಮಾರುದ್ದ ದಾರ ಮಾತ್ರ ನೇತಾಡೋಕೆ ಬಿಡ್ಬೇಡಿ, ಅದು ಬೇರಿಗೋ ಕಲ್ಲಿಗೋ ಸುತ್ತಿಕೊಂಡ್ರೆ ಗಾಳ ಮಾಡದ ಕೆಲಸ ದಾರ ಮಾಡುತ್ತೆ.

ಅರಿಶಿನ ಬಿಟ್ಬಿಡಿ. ಕೆಟ್ಟದ್ದು ಅಂತಲ್ಲ, ನೀರಿಗೆ ಹೋದ ಕ್ಷಣ ತೊಳೆದು ಹೋಗುತ್ತೆ, ಆದ್ರೆ ಅದನ್ನ ಹಚ್ಚೋಕೆ ಮೀನನ್ನ ಮತ್ತೂ ಅರ್ಧ ನಿಮಿಷ ಹೊರಗೆ ಇಟ್ಟಿರ್ತೀರಿ. ಸಾಕಣೆಯಲ್ಲಿ ನಾವು ಉಪ್ಪು ನೀರಲ್ಲಿ ಅದ್ದೋದು ಉಂಟು, ಅದು ತೊಟ್ಟಿಯಲ್ಲಿ ಅಳತೆ ನೋಡಿ ಮಾಡೋ ಕೆಲಸ, ದಡದಲ್ಲಿ ಅಲ್ಲ. ರಕ್ತ ಬರೋ ಕಿವಿರಿಗೆ ಸೋಡಾ ಸುರಿಯೋ ವಿಡಿಯೋಗಳು ಓಡಾಡ್ತಿವೆ, ಕೆನಡಾದಲ್ಲಿ ಪೈಕ್ ಮೀನಿನ ಮೇಲೆ ಅದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ, ಪ್ರಯೋಜನ ಏನೂ ಕಂಡಿಲ್ಲ. ಇನ್ನೊಂದು, ಮೀನನ್ನ ನೀರಲ್ಲಿ ಹಿಂದಕ್ಕೆ ಮುಂದಕ್ಕೆ ಆಡಿಸೋದು. ಕಿವಿರಿಗೆ ನೀರು ಬಾಯಿಂದ ಹೋಗಿ ಹಿಂದೆ ಬರ್ಬೇಕು, ಹಿಂದಕ್ಕೆ ಎಳೆದಾಗ ಉಲ್ಟಾ ಆಗುತ್ತೆ. ಬರೀ ನೆಟ್ಟಗೆ ಹಿಡ್ಕೊಳ್ಳಿ, ಹೊಳೆ ಆದ್ರೆ ಬಾಯಿ ಹರಿವಿನ ಕಡೆ ಇರಲಿ, ಹಿನ್ನೀರಾದ್ರೆ ನೆರಳು ಇರೋ ಸ್ವಲ್ಪ ಆಳದ ತಿಳಿ ಜಾಗ ಸಾಕು.

ಬಿಡೋಕೆ ರೆಡಿನಾ ಅಂತ ಹೆಂಗೆ ಗೊತ್ತಾಗುತ್ತೆ? ಕಿವಿರು ಮುಚ್ಚಳ ಒಂದೇ ಸಮ ಆಡ್ತಿರ್ಬೇಕು. ಮೈಯನ್ನ ನಿಧಾನಕ್ಕೆ ಮಗ್ಗುಲಿಗೆ ಹೊರಳಿಸಿದ್ರೆ ಕಣ್ಣುಗುಡ್ಡೆ ಮಟ್ಟ ಹಿಡಿಯೋಕೆ ತಿರುಗ್ಬೇಕು, ಮೈ ಜೊತೆಗೆ ಸುಮ್ನೆ ಸುತ್ತಿಕೊಂಡು ಬಂದ್ರೆ ಇನ್ನೂ ಸುಸ್ತಿದೆ ಅಂತ. ಬಾಲ ಹಿಡಿದ್ರೆ ಕಿತ್ಕೊಳ್ಳೋಕೆ ನೋಡ್ಬೇಕು. ಹೊಟ್ಟೆ ಮೇಲಾಗಿ ಬಿಟ್ರೆ ಎರಡು ಮೂರು ಸೆಕೆಂಡ್‌ನಲ್ಲಿ ತಾನೇ ನೆಟ್ಟಗಾಗ್ಬೇಕು. ಅಷ್ಟೂ ಇದ್ರೆ ಕೈ ಸಡಿಲ ಮಾಡಿ, ತಾನೇ ಹೋಗುತ್ತೆ. ದೂರಕ್ಕೆ ಎಸೀಬೇಡಿ. ಕೊರವ, ಚೇಳು ಮೀನು ಇವು ಗಾಳಿಯನ್ನೂ ಉಸಿರಾಡೋ ಜಾತಿ, ಇವಕ್ಕೆ ಗಾಳಿಯ ಭಯ ಅಷ್ಟಿಲ್ಲ, ಆದ್ರೆ ಚೇಳು ಮೀನಿನ ಪಕ್ಕದ ಮುಳ್ಳಲ್ಲಿ ವಿಷ ಇದೆ, ಅಲ್ಲಿ ಭಯ ಪಡ್ಬೇಕಾದ್ದು ನೀವು.

ಈಗ ನನ್ನ ಪ್ರಕಾರ ಇಡೀ ಪ್ರಶ್ನೆಯಲ್ಲಿ ಮುಖ್ಯವಾದದ್ದು: ತಿಂಗಳಿಗೆ ಒಂದೆರಡು ಮೈಗೆ ಸಿಗ್ತವೆ ಅಂದ್ರಲ್ಲ, ಅದು ಆಕಸ್ಮಿಕ ಅಲ್ಲ, ನಿಮ್ಮ ಸೆಟ್ಟಿನ ಕೆಲಸ. ಕಾಟ್ಲಾ ಮೇಲ್ಮಟ್ಟದಲ್ಲಿ ತೇಲೋ ಸಣ್ಣ ಸಣ್ಣ ಜೀವಿಗಳನ್ನ ನೀರಿನ ಸಮೇತ ಹೀರಿ ಸೋಸಿ ತಿನ್ನೋ ಮೀನು. ಸಾಮಾನ್ಯ ಗೆಂಡೆ ಥರ ಉಂಡೆಗೆ ಬಾಯಿ ಹಾಕಿ ಕಚ್ಚೋದಿಲ್ಲ. ಕಡ್ಲೆಹಿಂಡಿ ಬೂಸಾ ಉಂಡೆ ಕರಗಿ ಮೋಡದ ಥರ ಹರಡುತ್ತಲ್ಲ, ಆ ಮೋಡದ ಸುತ್ತ ಸುತ್ತುತ್ತಾ ಹೀರ್ತಿರುತ್ತೆ. ಸುತ್ತಲೂ ಆರು ಗಾಳ ನೇತಾಡ್ತಿರ್ತವೆ. ಅದರ ಬೆನ್ನೋ ರೆಕ್ಕೆಯೋ ದಾರಕ್ಕೆ ತಾಗುತ್ತೆ, ರಾಡ್ ತುದಿ ಅಲ್ಲಾಡುತ್ತೆ, ಕಚ್ತು ಅಂತ ನೀವು ಜೋರಾಗಿ ಜಗ್ತೀರಿ, ಬಾಯಲ್ಲಿ ಗಾಳ ಇರ್ಲೇ ಇಲ್ಲ, ಆರರಲ್ಲಿ ಒಂದು ಹೋಗಿ ಹೊಟ್ಟೆಗೆ ನೆಡುತ್ತೆ. ಹೆಚ್ಚು ಮೀನು ಗುಂಪಾಗಿ ಸೇರಿದಷ್ಟೂ ಇದು ಜಾಸ್ತಿ.

ಆರು ಗಾಳ ತೆಗೆದು ಒಂದಕ್ಕೆ, ಹೆಚ್ಚಂದ್ರೆ ಎರಡಕ್ಕೆ ಇಳಿಸಿ. ಗಾಳದ ದಾರ ನಾಲ್ಕೈದು ಇಂಚಿನದು ಗಿಡ್ಡದಿರಲಿ. ತಿಂಡಿಯನ್ನ ಗಾಳಕ್ಕೆ ಚುಚ್ಚದೆ ಪಕ್ಕದಲ್ಲಿ ಸಣ್ಣ ದಾರಕ್ಕೆ ಪೋಣಿಸೋದು ಒಂದಿದೆ, ಹೇರ್ ರಿಗ್ ಅಂತಾರೆ, ತಿಂಡಿ ಹೀರಿದ ಮೀನಿನ ತುಟಿಗೆ ಗಾಳ ತಾನೇ ಸಿಗುತ್ತೆ, ನೀವು ಜಗ್ಗೋ ಅಗತ್ಯವೇ ಇಲ್ಲ. ಮೊನೆ ಒಳಕ್ಕೆ ಬಾಗಿರೋ ಸರ್ಕಲ್ ಹುಕ್ಕೂ ಹಾಗೇ, ಬಾಯಿ ಮೂಲೆಗೆ ಸಿಗುತ್ತೆ, ಆದ್ರೆ ಜಗ್ಗಿದ್ರೆ ಕೆಲಸ ಮಾಡಲ್ಲ, ನಿಧಾನಕ್ಕೆ ಬಿಗಿ ಮಾಡ್ಬೇಕು. ಗಾಳದ ಮುಳ್ಳನ್ನ ಪ್ಲಯರ್‌ನಿಂದ ಒತ್ತಿ ಚಪ್ಪಟೆ ಮಾಡಿ, ಒಂದೆರಡು ಮೀನು ತಪ್ಪಿಸ್ಕೊಳ್ಳುತ್ತೆ, ಹೋಗ್ಲಿ. ರಾಡ್ ತುದಿಯ ಪ್ರತೀ ನಡುಕಕ್ಕೂ ಜಗ್ಗೋ ಅಭ್ಯಾಸ ಬಿಡಿ, ಲೈನ್ ಓಡೋಕೆ ಶುರು ಆದ್ಮೇಲೆ ಎತ್ತಿ. ಹಿಡಿದ ಮೇಲೆ ತಲೆ ಒದರೋದು ಕೈಗೆ ಬರ್ದೆ ಬರೀ ಭಾರವಾಗಿ ಅಡ್ಡ ಓಡ್ತಿದ್ರೆ ಮೈಗೆ ಸಿಕ್ಕಿದೆ ಅಂತ ಅರ್ಥ, ಆಗ ನಿಂತಲ್ಲೇ ನಿಂತು ಜಗ್ಗಾಡದೆ ದಡದ ಉದ್ದಕ್ಕೆ ನಡೆದು ಮೀನಿನ ನೇರಕ್ಕೆ ಹೋಗಿ ದಾರ ಗಿಡ್ಡ ಮಾಡ್ಕೊಳ್ಳಿ, ಇಪ್ಪತ್ತು ನಿಮಿಷದ್ದು ಏಳೆಂಟಕ್ಕೆ ಮುಗೀಬಹುದು. ಮಳೆಗಾಲದಲ್ಲಿ ಅಣೆಕಟ್ಟಿನ ಕೆಳಗೆ ಗುಂಪಾಗಿ ನಿಂತ ಮೀನಿಗೆ ಬರೀ ಗಾಳ ಎಸೆದು ಬೇಕಂತಲೇ ಮೈಗೆ ಎಳೆಯೋರೂ ಇದ್ದಾರೆ, ಅವು ಮೊಟ್ಟೆ ಇಡೋಕೆ ಮೇಲೆ ಬಂದಿರೋ ತಾಯಿಮೀನುಗಳು, ಅದನ್ನ ಮೀನು ಹಿಡಿಯೋದು ಅಂತ ನಾನು ಕರೆಯಲ್ಲ.

ಬಿಡೋದಾ ಇಟ್ಕೊಳ್ಳೋದಾ? ಇಲ್ಲಿ ಭಾವನ ಮಾತಲ್ಲಿ ಅರ್ಧ ಸತ್ಯ ಇದೆ. ಕಿವಿರಿಂದ ರಕ್ತ ಸುರೀತಿದ್ರೆ, ಕರುಳು ಹೊರಗಿದ್ರೆ, ಹತ್ತು ನಿಮಿಷ ಹಿಡ್ಕೊಂಡ್ರೂ ನೆಟ್ಟಗಾಗದಿದ್ರೆ ಬಿಡೋದ್ರಲ್ಲಿ ಕರುಣೆ ಏನೂ ಇಲ್ಲ. ಇಟ್ಕೊಳ್ಳೋಕೆ ಅನುಮತಿ ಇರೋ ಜಾಗ, ಇಟ್ಕೋಬಹುದಾದ ಜಾತಿ ಆದ್ರೆ ಕಣ್ಣಿನ ಹಿಂದೆ ತಲೆ ಮೇಲೆ ಒಂದೇ ಗಟ್ಟಿ ಏಟಿಗೆ ಕೊಂದು ಮನೆಗೆ ತಗೊಂಡು ಹೋಗಿ, ಚೀಲದಲ್ಲಿ ಒದ್ದಾಡೋಕೆ ಬಿಡ್ಬೇಡಿ. ಜಲಾಶಯದಲ್ಲಿ ಹಿಡಿಯೋಕೆ ಮೀನುಗಾರಿಕೆ ಇಲಾಖೆ ಲೈಸೆನ್ಸ್ ಬೇಕು, ಕೆರೆಗಳು ಸಾಮಾನ್ಯವಾಗಿ ಸಂಘಕ್ಕೋ ಗುತ್ತಿಗೆದಾರರಿಗೋ ಹೋಗಿರ್ತವೆ, ಅಭಯಾರಣ್ಯದ ಒಳಗೆ ಅರಣ್ಯ ಇಲಾಖೆ ಮಾತೇ ಕೊನೆ. ಮಾಶೀರ್ ಆದ್ರೆ ಏನೇ ಆಗಿರಲಿ ನೀರಿಗೇ ಬಿಡಿ, ಕಾವೇರಿ ಹೊಳೆಸಾಲಲ್ಲಿ ಬಿಟ್ರೆ ಎಲ್ಲೂ ಇಲ್ಲದ ಗೂನುಬೆನ್ನಿನ ಮಾಶೀರ್ 2018ರಿಂದ ಅಳಿವಿನ ತೀರಾ ಅಂಚಿನಲ್ಲಿರೋ ಪಟ್ಟಿಯಲ್ಲಿದೆ. ಇದಕ್ಕೆ ಉಲ್ಟಾ ಆಫ್ರಿಕನ್ ಕ್ಯಾಟ್‌ಫಿಶ್, 2000ದಲ್ಲೇ ಸರ್ಕಾರ ನಿಷೇಧ ಮಾಡಿರೋ ಮೀನು, ನಮ್ಮ ಮೀನುಗಳನ್ನ ತಿಂದು ಹಾಕುತ್ತೆ, ಅದಕ್ಕೆ ಚೂರು ಗಾಯ ಆಗದಿದ್ರೂ ವಾಪಸ್ ಬಿಡ್ಬೇಡಿ. ಆಮೆ ಸಿಕ್ಕಿದ್ರೆ ನೀವೇ ಕೀಳೋಕೆ ಹೋಗ್ದೆ ಅರಣ್ಯ ಇಲಾಖೆಗೆ ಫೋನ್ ಮಾಡಿ.

ಕೊನೇ ಪ್ರಶ್ನೆ, ಗಾಳ ಒಳಗಿರೋ ಮೀನು ತಿಂದ್ರೆ ತೊಂದರೆನಾ ಅಂತ. ಕಬ್ಬಿಣದ ಗಾಳ ವಿಷ ಅಲ್ಲ, ಅದರಿಂದ ಮಾಂಸ ಕೆಡಲ್ಲ. ಅಪಾಯ ಇರೋದು ಮೊನೆಯಿಂದ, ಮೀನು ಕೊಯ್ಯೋರ ಬೆರಳಿಗೆ ಚುಚ್ಚಬಹುದು, ತುಂಡು ಮಾಡೋವಾಗ ಸಿಕ್ಕೇ ಸಿಗುತ್ತೆ. ಸುತ್ತ ಮಾಂಸ ಕಪ್ಪಗೆ ಅಥವಾ ಕೀವಾಗಿದ್ರೆ ಆ ಭಾಗ ಕೊಯ್ದು ಬಿಸಾಕಿದ್ರೆ ಆಯ್ತು. ಭಾರಕ್ಕೆ ಅಂತ ದಾರಕ್ಕೆ ಕಟ್ಟೋ ಸೀಸದ ಗುಂಡು ಮಾತ್ರ ಮೀನಿನ ಜೊತೆ ನೀರಿಗೆ ಹೋಗೋಕೆ ಬಿಡ್ಬೇಡಿ, ಅದು ವಿಷದ ಲೋಹ, ದಾರ ಕತ್ತರಿಸೋವಾಗ ಗುಂಡು ನಿಮ್ಮ ಕಡೆ ಉಳಿಯೋ ಹಾಗೆ ಗಾಳದ ಬುಡದಲ್ಲೇ ಕತ್ತರಿಸಿ.